ಶಿಕಾಗೋ ಚಳಿಯಲ್ಲಿ ಎಳ್ಳು-ಬೆಲ್ಲ: ಬೆಲ್ಲ ಅಂಟದ ಹಾಗೆ ಮಾಡುವುದು ಹೇಗೆ?

ಕಬ್ಬಿನಜಲ್ಲೆ:
ಸಂಕ್ರಾಂತಿಗೆ 25 ಮನೆಗೆ ಎಳ್ಳು ಬೀರಬೇಕು. ಇರುವುದು ಶಿಕಾಗೋ ಹತ್ತಿರ, ಜನವರಿಯಲ್ಲಿ ಬಿಸಿಲಿಗೆ ಒಣಗಿಸುವ ಮಾತೇ ಇಲ್ಲ. ಕಳೆದ ಸಲ ಎರಡೇ ದಿನಕ್ಕೆ ಬೆಲ್ಲ ನೀರೊಡೆದು ಎಳ್ಳೆಲ್ಲ ಮೆತ್ತಿಕೊಂಡಿತು. ಸಕ್ಕರೆ ಅಚ್ಚೂ ಗಟ್ಟಿಯಾಗಲಿಲ್ಲ. ಅಳತೆ ಎಷ್ಟು? ತಪ್ಪಿದ್ದೆಲ್ಲಿ? ಮಗಳ ಶಾಲೆಗೂ ಸ್ವಲ್ಪ ಕಳಿಸುವ ಆಸೆಯಿದೆ.

ತಿಪಟೂರು_ಕೊಬ್ಬರಿ:
ಮನೆಗೆ 60 ಗ್ರಾಂ ಹಿಡಿದರೆ ಒಟ್ಟು ಒಂದೂವರೆ ಕಿಲೋ. ಕಡಲೆಬೀಜ 400 ಗ್ರಾಂ, ಬೆಲ್ಲ 350, ಹುರಿಗಡಲೆ 300, ಕೊಬ್ಬರಿ 300, ಬಿಳಿ ಎಳ್ಳು 150. ಇದು ಸಿಪ್ಪೆ ಹೋದ ಮೇಲಿನ ತೂಕ. ಬೀಜ, ಕೊಬ್ಬರಿ ಎರಡನ್ನೂ ನೂರು ಗ್ರಾಂ ಜಾಸ್ತಿಯೇ ತನ್ನಿ.

ಉಗುರು ಊರಿದರೆ ಇಳಿಯುವ ಮೆತ್ತನೆ ಬೆಲ್ಲ ಪಾಯಸಕ್ಕೆ ಸರಿ, ಇದಕ್ಕಾಗದು. ಗಟ್ಟಿ ಅಚ್ಚು ಬೆಲ್ಲವೇ ಬೇಕು. ಕತ್ತರಿಸಲು ಸುಲಭವಾಗಲೆಂದು ಮೈಕ್ರೋವೇವ್‌ನಲ್ಲಿ ಬಿಸಿ ಮಾಡಬೇಡಿ. ಅಡಕತ್ತರಿಯಲ್ಲಿ ಕಡಲೆಬೀಜದ ಗಾತ್ರಕ್ಕೆ ಹೋಳು ಮಾಡಿ, ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡಿ. ಮೊದಲು ಒದ್ದೆಯಾಗುವುದು ಆ ಪುಡಿಯೇ. ತಟ್ಟೆಯಲ್ಲಿ ತೆಳ್ಳಗೆ ಹರಡಿ, ಅಡುಗೆಮನೆಯ ಹಬೆ ತಾಗದ ಕೋಣೆಯಲ್ಲಿ ಮೂರು ದಿನ ಬಿಡಿ. ಹೀಟರ್ ಓಡುವ ಮನೆಯ ಗಾಳಿ ಚೆನ್ನಾಗಿ ಒಣಗಿರುತ್ತದೆ, ಬಿಸಿಲಿನ ಕೆಲಸ ಅದೇ ಮಾಡುತ್ತದೆ. ಓವನ್‌ಗೆ ಮಾತ್ರ ಬೆಲ್ಲ ಬೇಡ. ಅಲ್ಲಿನ ಎಷ್ಟೋ ಓವನ್‌ಗಳು 170 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವುದಿಲ್ಲ, ಬೆಲ್ಲ ಮೆತ್ತಗಾಗುತ್ತದೆ.

ಕೊಬ್ಬರಿಗೆ ಅದೇ ಶಾಖ ಚೆನ್ನ. ಕೊಬ್ಬರಿ ಬಟ್ಟಲು ತಂದು, ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಣ್ಣ ತಿರುಗದಂತೆ ಅರ್ಧ ಗಂಟೆ ಇಡಿ. ಬೀಜಕ್ಕೆ 325 ಫ್ಯಾರನ್‌ಹೀಟ್, 15ರಿಂದ 20 ನಿಮಿಷ. ಹೊರಗೆ ತೆಗೆದ ಮೇಲೂ ಬಣ್ಣ ಏರುವುದರಿಂದ ಸ್ವಲ್ಪ ಮೊದಲೇ ತೆಗೆಯಿರಿ. ಎಳ್ಳು ಚಿಟಪಟ ಅಂದ ಕೂಡಲೇ ತಟ್ಟೆಗೆ ಸುರಿಯಿರಿ, ಬಾಣಲೆಯಲ್ಲೇ ಬಿಟ್ಟರೆ ಕಹಿಯಾಗುತ್ತದೆ.

ಎಲ್ಲ ಪೂರ್ತಿ ಆರಿದ ಮೇಲೆ, ಬೀರುವ ಹಿಂದಿನ ರಾತ್ರಿ ಬೆರೆಸಿ. ಬಿಸಿ ಬೀಜಕ್ಕೆ ಬೆಲ್ಲ ಸೇರಿಸಿದರೆ ಮೂರು ದಿನ ಒಣಗಿಸಿದ್ದೆಲ್ಲ ದಂಡ.

ಮೈಸೂರ್_ಅಚ್ಚು:
ಪಾಕಕ್ಕೆ ನಿಂಬೆರಸ ಹಾಕಿದ್ದಿರಾ? ಜಾಮೂನಿನ ಪಾಕ ಹರಳುಗಟ್ಟಬಾರದೆಂದು ಹಾಕುತ್ತೇವೆ, ಅಚ್ಚಿಗೆ ಹರಳುಗಟ್ಟುವುದೇ ಬೇಕು. ಪೌಡರ್ಡ್ ಶುಗರ್ ಕೂಡ ಬೇಡ, ಅದರಲ್ಲಿ ಮೆಕ್ಕೆಜೋಳದ ಪಿಷ್ಟ ಬೆರೆತಿರುತ್ತದೆ.

ಮರದ ಅಚ್ಚನ್ನು ರಾತ್ರಿಯಿಡೀ ನೆನೆಸಿ, ಒರೆಸಿ, ರಬ್ಬರ್ ಬ್ಯಾಂಡ್ ಬಿಗಿಯಿರಿ. ನೆನೆಯದ ಮರಕ್ಕೆ ಸಕ್ಕರೆ ಕಚ್ಚಿಕೊಂಡು ಆನೆಯ ಸೊಂಡಿಲು, ಗಿಳಿಯ ಬಾಲ ಮುರಿಯುತ್ತವೆ. 2 ಕಪ್ ಸಕ್ಕರೆಗೆ 1 ಕಪ್ ನೀರು ಹಾಕಿ ಕುದಿಸಿ ಸೋಸಿಟ್ಟುಕೊಳ್ಳಿ. ಒಂದು ಸಲಕ್ಕೆ ಅರ್ಧ ಕಪ್ ಮಾತ್ರ ಒಲೆಗೇರಿಸಿ. ಗಟ್ಟಿ ಎಳೆ ಬಂದ ಮೇಲೆ ಇಳಿಸಿ, ಬೆಳ್ಳಗಾಗಿ ಮಂದವಾಗುವವರೆಗೆ ಬಿಡದೆ ತಿರುವಿ, ತಕ್ಷಣ ಹುಯ್ಯಿರಿ. ತಿರುವದೆ ಹುಯ್ದರೆ ಅಂಟಾಗಿಯೇ ಉಳಿಯುತ್ತದೆ. ಪಾತ್ರೆಯಲ್ಲೇ ಗಟ್ಟಿಯಾಯಿತೇ? ಒಂದೆರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ.

ಅವರೆಕಾಳು:
ಶಾಲೆಗೆ ಎಳ್ಳು-ಬೆಲ್ಲ ಕಳಿಸಲೇಬೇಡಿ. ಕಡಲೆಬೀಜದ ಅಲರ್ಜಿ ಎಲ್ಲರಿಗೂ ಗೊತ್ತು, ಆದರೆ ಎಳ್ಳು ಕೂಡ 2023ರ ಜನವರಿ 1ರಿಂದ ಅಮೆರಿಕದ ಕಾನೂನಿನಲ್ಲಿ ಒಂಬತ್ತನೇ ಪ್ರಮುಖ ಅಲರ್ಜಿಕಾರಕ. ಶಾಲೆ ಒಪ್ಪಿದರೆ ಸಕ್ಕರೆ ಅಚ್ಚು ಕಳಿಸಬಹುದು. ಅದನ್ನು ಎಳ್ಳು, ಬೀಜ ಹುರಿಯುವ ಮೊದಲೇ, ಬೇರೆ ಪಾತ್ರೆಯಲ್ಲಿ ಮಾಡಿ. ಪಾಕದ ಕಲ್ಮಶ ತೆಗೆಯಲು ಹಾಲು ಹಾಕುವ ರೂಢಿಯುಂಟು, ಆ ಪಾಕಕ್ಕೆ ಹಾಲು ಬೇಡ, ಅದೂ ಅಲರ್ಜಿ ಪಟ್ಟಿಯಲ್ಲಿದೆ. ಅಲ್ಲಿನ ಬಿಳಿ ಸಕ್ಕರೆ ಶುಭ್ರವಾಗಿರುವುದರಿಂದ ಹಾಲಿಲ್ಲದೆಯೂ ಅಚ್ಚು ಬೆಳ್ಳಗೇ ಬರುತ್ತದೆ.

ಕಬ್ಬಿನಜಲ್ಲೆ:
ನಿಂಬೆರಸ ಹಾಕಿದ್ದು ನಿಜ! ಹುಗ್ಗಿಗೆ ಅವರೆಕಾಳು ಎಲ್ಲಿ ಸಿಗುತ್ತದೆ?

ಅವರೆಕಾಳು:
ಗುಜರಾತಿ ಅಂಗಡಿಯ ಫ್ರೀಜರ್‌ನಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಅಂತ ಇರುತ್ತದೆ, ನಮ್ಮ ಅವರೆಕಾಳಿನ ಜಾತಿಯೇ. ಬರೀ ‘ಲಿಲ್ವಾ’ ಎಂದಿದ್ದರೆ ಸರಿಯಾಗಿ ನೋಡಿ, ‘ತುವರ್ ಲಿಲ್ವಾ’ ಹಸಿ ತೊಗರಿಕಾಳು.