ಹಂಪಿ ಆಯ್ತು, ಇನ್ನೆಲ್ಲಿ? ತೋರಣಗಲ್ಲಿನ ಜರ್ಮನ್ ಕುಟುಂಬಕ್ಕೆ ವಾರಾಂತ್ಯದ ಜಾಗ ಹೇಳಿ

ಕೇಳಿದವರು, ತೋರಣಗಲ್ಲಿನಿಂದ:
ನಮ್ಮ ಸೆಕ್ಷನ್‌ಗೆ ಜರ್ಮನಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದಾರೆ. ಜೊತೆಗೆ ಹೆಂಡತಿ, ಎಂಟು ವರ್ಷದ ಮಗಳು. ಇನ್ನೂ ಒಂದು ವರ್ಷ ಇಲ್ಲೇ ಇರುತ್ತಾರೆ. ಹಂಪಿ ನೋಡಿ ಮುಗಿಸಿದ್ದಾರೆ. ಶುಕ್ರವಾರ ಬಂತೆಂದರೆ ನನ್ನ ಟೇಬಲ್ ಹತ್ತಿರ ಬಂದು ಒಂದೇ ಪ್ರಶ್ನೆ: ಗುಡ್ಡ, ಕಾಡು, ನೀರು, ಹಕ್ಕಿ ಎಲ್ಲಿವೆ? ನಾನೂ ಇದೇ ಜಿಲ್ಲೆಯವನು, ಆದರೆ ನನಗೆ ಭಾನುವಾರ ಅಂದ್ರೆ ನಿದ್ದೆ. ಒಂದೇ ದಿನದಲ್ಲಿ ಹೋಗಿ ಬರುವ ಜಾಗ ಹೇಳಿ. ವಿದೇಶಿಯರು ಅಂತ ಏನಾದರೂ ತೊಡಕು ಇದ್ದರೆ ಅದನ್ನೂ ತಿಳಿಸಿ. ಕಾರು, ಡ್ರೈವರ್ ಇದ್ದಾರೆ.

ಸಂಡೂರಿನಿಂದ:
ಸರ್, ಪಕ್ಕದಲ್ಲೇ ಸಂಡೂರು ಇಟ್ಟುಕೊಂಡು ಊರೆಲ್ಲ ಕೇಳ್ತಿದ್ದೀರಲ್ಲ! ಆದರೆ ತಿಂಗಳು ನೋಡಿ ಕರೆತನ್ನಿ. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿ ಹೇಳಿದ್ದರು ಎಂದು ನಮ್ಮೂರಲ್ಲಿ ಎಲ್ಲರೂ ಹೇಳುತ್ತಾರೆ. ಏಪ್ರಿಲ್‌ನಲ್ಲಿ ಬಂದರೆ ಎಲೆ, ರಸ್ತೆ, ನಾಯಿ ಎಲ್ಲ ಒಂದೇ ಕೆಂಪು, ಅದಿರಿನ ಧೂಳು. ಎರಡು ಮಳೆ ಬಿದ್ದ ಮೇಲೆ ಇದೇ ಗುಡ್ಡಗಳನ್ನು ನೋಡಿದವರು ಮಲೆನಾಡಾ ಅಂತ ಕೇಳುತ್ತಾರೆ. ನಾರಿಹಳ್ಳದ ಜಲಾಶಯ, ಹಳ್ಳ ಗುಡ್ಡ ಸೀಳಿಕೊಂಡು ಹೋಗುವ ಗಂಡಿ, ಆಮೇಲೆ ರಾಮನದುರ್ಗ. ಅದು 3,000 ಅಡಿಗೂ ಎತ್ತರ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿಯ ಬಿಸಿಲು ತಡೆಯಲಾರದ ಸೈನಿಕರನ್ನು ಸುಧಾರಿಸಿಕೊಳ್ಳಲು ಅಲ್ಲಿಗೆ ಕಳಿಸುತ್ತಿದ್ದರು.

ಬೆಳಿಗ್ಗೆ ಬೇಗ ಬನ್ನಿ, ಲಾರಿ ಸಾಲು ಶುರುವಾಗುವ ಮೊದಲು. ಗಣಿ ಗೇಟು ಕಂಡರೆ ಸುಮ್ನೆ ತಿರುಗಿ, ಫೋಟೋ ತೆಗೆಯೋಕೆ ಹೋಗಬೇಡಿ. ಕುಮಾರಸ್ವಾಮಿ ಗುಡಿಗೂ ಹೋಗೋದಾದರೆ, ಗರ್ಭಗುಡಿಯ ದರ್ಶನಕ್ಕೆ ಹೆಂಗಸರನ್ನು ಬಿಡದ ಹಳೆಯ ಪದ್ಧತಿ ಇದೆ ಅಂತ ಅವರ ಮನೆಯವರಿಗೆ ಮೊದಲೇ ಹೇಳಿ. ಅಲ್ಲಿ ಹೋಗಿ ಬಾಗಿಲಲ್ಲಿ ನಿಲ್ಲಿಸೋದು ಚೆನ್ನಾಗಿರಲ್ಲ.

ಹೊಸಪೇಟೆಯಿಂದ:
ಮಗು ಇದೆ ಅಂದಿರಿ, ಹಾಗಾದರೆ ಮೊದಲು ದರೋಜಿ ಕರಡಿಧಾಮ. 1994ರಲ್ಲಿ ಆಗಿದ್ದು, ಸುಮಾರು 82 ಚದರ ಕಿಲೋಮೀಟರ್. ಎಲ್ಲರೂ ಬೆಳಿಗ್ಗೆ ಹೋಗಿ ಗೇಟು ನೋಡಿ ವಾಪಸ್ ಬರುತ್ತಾರೆ. ಅಲ್ಲಿ ಲೆಕ್ಕ ಉಲ್ಟಾ, ಮಧ್ಯಾಹ್ನದ ಮೇಲೆ ಹೋಗಬೇಕು. ಅರಣ್ಯ ಇಲಾಖೆಯವರು ಎದುರಿನ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರುತ್ತಾರೆ. ಬಿಸಿಲು ಇಳಿಯುತ್ತಿದ್ದ ಹಾಗೆ ಕರಡಿಗಳು ಒಂದೊಂದಾಗಿ ಬರುತ್ತವೆ, ಕೆಲವೊಮ್ಮೆ ಬೆನ್ನ ಮೇಲೆ ಮರಿ ಹೊತ್ತುಕೊಂಡು. ನೀವು ವೀಕ್ಷಣಾ ಗೋಪುರದಲ್ಲಿ ಕೂತು ನೋಡುವುದು. ದೂರ ಜಾಸ್ತಿ, ಬೈನಾಕ್ಯುಲರ್ ಇಲ್ಲದಿದ್ದರೆ ಕಪ್ಪು ಚುಕ್ಕೆ ನೋಡಿದ ಹಾಗೆ. ಅವರ ಹತ್ತಿರ ಖಂಡಿತ ಒಳ್ಳೆಯದೇ ಇರುತ್ತೆ, ತರೋಕೆ ಹೇಳಿ. ಕಾಯುವಾಗ ನವಿಲು, ಕೌಜುಗ ಬಂದು ಹೋಗುತ್ತವೆ. ಮಾತಾಡದೆ ಕೂರಬೇಕು. ಇದು ನಮ್ಮವರಿಗೇ ಕಷ್ಟ, ಅವರಿಗಲ್ಲ.

ಚಳಿಗಾಲದಲ್ಲಾದರೆ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ನೀರಲ್ಲಿ ನಿಂತ ಜಾಲಿಮರಗಳ ತುಂಬ ಹಕ್ಕಿ. ಅಲ್ಲಿಗೆ ಮಾತ್ರ ಬೆಳಿಗ್ಗೆಯೇ ಹೋಗಿ.

ಗಂಗಾವತಿಯಿಂದ:
ನನ್ನ ಓಟು ಹಿರೇಬೆಣಕಲ್‌ಗೆ. ನಮ್ಮ ಕಡೆ ಮೋರೇರ ಗುಡ್ಡ ಅಂತೀವಿ. ಸುಮಾರು ಒಂದು ಗಂಟೆ ಬಂಡೆ ಮೇಲೆ ಹತ್ತಬೇಕು. ಮೇಲೆ ಹೋದರೆ ಚಪ್ಪಡಿ ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿ ಕಟ್ಟಿದ ಗೋರಿಗಳು, ನೂರಾರು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಕೆಲವಕ್ಕೆ ಎದುರು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಬಡಿದರೆ ನಗಾರಿಯ ಹಾಗೆ ಸದ್ದು ಮಾಡುವ ದೊಡ್ಡ ಗುಂಡು ಇದೆ, ಮಗುವಿಗೆ ಅದೊಂದೇ ಸಾಕು. 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೂ ವಾರದ ದಿನ ಹೋದರೆ ಕುರಿ ಕಾಯುವವರು ಬಿಟ್ಟು ಯಾರೂ ಸಿಗಲ್ಲ. ಅಂಗಡಿ ಇಲ್ಲ, ನೆರಳು ಕಮ್ಮಿ. ಆರು ಗಂಟೆಗೆ ಹತ್ತೋಕೆ ಶುರು ಮಾಡಿ, ಹತ್ತಕ್ಕೆ ಕೆಳಗಿರಿ. ಇಳಿದ ಮೇಲೆ ಗಂಗಾವತಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನಿಸಿ. ಮಿರ್ಚಿ ಖಾರ ಅಂತ ಮೊದಲೇ ಹೇಳಿ, ಆಮೇಲೆ ನನ್ನನ್ನು ಬೈಯಬೇಡಿ.

ಹೊಳೆ ಬೇಕು ಅಂದರೆ ಆನೆಗೊಂದಿ, ಸಾಣಾಪುರ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳಿಗೆ ಅಂತಲೇ ಮೀಸಲು ಮಾಡಿದ್ದಾರೆ. ಬೆಳಗಿನ ಹೊತ್ತು ದಡದಲ್ಲಿ ಸುಮ್ಮನೆ ಕೂತರೆ ಅದೃಷ್ಟ ಇದ್ದವರಿಗೆ ಕಾಣುತ್ತವೆ.

ಹೊಸಪೇಟೆಯವರೇ ಮತ್ತೆ:
ಆನೆಗೊಂದಿಗೆ ಹೋಗಲಿ, ಆದರೆ ಕತ್ತಲಾಗುವ ಮೊದಲು ಹೊರಡಲಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದು ಒಬ್ಬರು ಜೀವ ಕಳೆದುಕೊಂಡರು. ನಮ್ಮ ಭಾಗವೇ ತಲೆ ತಗ್ಗಿಸುವ ವಿಷಯ. ಮುಚ್ಚಿಟ್ಟು ಕಳಿಸೋದು ತಪ್ಪು. ಇನ್ನು ಹೊಳೆಗೆ ಇಳಿದು ಈಜೋದು ಬೇಡವೇ ಬೇಡ. ಬಂಡೆಗಳ ನಡುವೆ ಸುಳಿ ಇರುತ್ತೆ, ಮೇಲಿಂದ ಕಾಣಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ ಎಷ್ಟು ತೆಗೆದಿದ್ದಾರೆ ಅಂತ ಸುದ್ದಿ ನೋಡಿಕೊಂಡೇ ಹೊಳೆ ಕಡೆ ಹೋಗಬೇಕು.

ಕೊಪ್ಪಳದಿಂದ:
ನಾನು ಕೆಲವು ವರ್ಷ ಸ್ಟುಟ್‌ಗಾರ್ಟ್‌ನಲ್ಲಿದ್ದೆ, ಅದಕ್ಕೆ ಬೇರೆ ಮಾತು ಹೇಳ್ತೀನಿ. ಅಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್. ಜನ ಬೂಟು ಹಾಕಿಕೊಂಡು ಕಾಡಿಗೆ ನಡೆಯುತ್ತಾರೆ. ದಾರಿಯುದ್ದಕ್ಕೂ ಬೋರ್ಡು, ಯಾವ ಊರಿಗೆ ಎಷ್ಟು ದೂರ ಅಂತ. ಒಂದು ಸ್ಟೇಷನ್‌ನಲ್ಲಿ ಇಳಿದು, ಕಾಡು ದಾಟಿ, ಇನ್ನೊಂದು ಸ್ಟೇಷನ್‌ನಲ್ಲಿ ರೈಲು ಹತ್ತೋದು. ಯಾರೂ ನನ್ನನ್ನು ಕರೆದುಕೊಂಡು ಹೋಗಲಿಲ್ಲ ಅಂತ ಮೊದಮೊದಲು ಬೇಜಾರಿತ್ತು. ಆಮೇಲೆ ಆಫೀಸಿನ ಒಬ್ಬರು ಮ್ಯಾಪ್ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟರು. ಪರದೇಶದಲ್ಲಿ ವಾರಾಂತ್ಯ ಕಳೆಯೋಕೆ ನನಗೆ ಅಷ್ಟೇ ಬೇಕಿತ್ತು.

ನಿಮ್ಮ ಎಂಜಿನಿಯರ್‌ಗೂ ಬಹುಶಃ ಅಷ್ಟೇ ಬೇಕು. ನಾವೇನು ಮಾಡ್ತೀವಿ? ಎರಡು ಕಾರು, ಭಾವ, ಭಾವನ ಮಕ್ಕಳು, ಬುತ್ತಿ ಡಬ್ಬಿ, ದಾರಿಯಲ್ಲಿ ಮೂರು ಮನೆ ಚಹಾ. ಪ್ರೀತಿಯೇ, ಆದರೆ ಅವರು ಕೇಳಿದ ಹಕ್ಕಿ ಹಾರಿಹೋಗಿರುತ್ತೆ. ನಮ್ಮಲ್ಲಿ ಬೋರ್ಡಿಲ್ಲ. ಅದಕ್ಕೇ ಎಲ್ಲಿಗೆ ಅನ್ನೋದರ ಜೊತೆ ಎಷ್ಟು ಹೊತ್ತಿಗೆ, ಯಾವ ತಿಂಗಳು, ಎಲ್ಲಿ ತಿರುಗಬೇಕು ಅನ್ನೋದನ್ನ ಬರೆದುಕೊಡಿ. ಮೊದಲ ಸಲ ಜೊತೆಗೆ ಹೋಗಿ, ಆಮೇಲೆ ಡ್ರೈವರ್ ಜೊತೆ ಬಿಡಿ. ಮತ್ತೆ ಆ ಮಗು. ಹೋದಲ್ಲೆಲ್ಲ ಜನ ಕೆನ್ನೆ ಹಿಂಡುತ್ತಾರೆ, ಸೆಲ್ಫಿ ಕೇಳುತ್ತಾರೆ. ಬೇಡ ಅಂತ ಹೇಳೋದು ಕನ್ನಡ ಬರುವ ನಿಮ್ಮ ಕೆಲಸ.

ಬಳ್ಳಾರಿಯಿಂದ, ಟ್ರಾವೆಲ್ಸ್ ನಡೆಸುವವರು:
ರಾತ್ರಿ ಉಳಿಯೋದಾದರೆ ಮೊದಲೇ ಫೋನ್ ಮಾಡಿ ವಿದೇಶಿಯರಿಗೆ ರೂಮ್ ಕೊಡ್ತೀರಾ ಅಂತ ಕೇಳಿ. ಅವರ ವಿವರವನ್ನು ಲಾಡ್ಜ್, ಹೋಂಸ್ಟೇಯವರು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ಕಳಿಸಬೇಕು. ಸಿ ಫಾರ್ಮ್ ಅಂತೀವಿ. ಆ ತಲೆನೋವು ಬೇಡ ಅಂತ ಸಣ್ಣ ಲಾಡ್ಜ್‌ಗಳು ರೂಮಿಲ್ಲ ಅಂದುಬಿಡುತ್ತವೆ. ಪಾಸ್‌ಪೋರ್ಟ್, ವೀಸಾ ಕೈಲಿರಲಿ. ಡ್ರೋನ್ ಹಾರಿಸೋದು ಬೇಡ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ: ಅವರ ದೇಶದ ಕಡೆಯ ಚಾರಣಿಗರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಣ್ಣ ಸಾಧನ ಇಟ್ಟುಕೊಂಡಿರುತ್ತಾರೆ. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದು ಅಪರಾಧ, ವಿಮಾನ ನಿಲ್ದಾಣಗಳಲ್ಲಿ ಹಿಡಿದದ್ದೂ ಇದೆ. ಅವರ ಬ್ಯಾಗಿನಲ್ಲಿ ಇದೆಯಾ ಅಂತ ಕೇಳಿ ನೋಡಿ.

ರಾಯಚೂರಿನಿಂದ:
ನಮ್ಮ ಕಡೆಗೂ ಬನ್ನಿ ಸರ್. ಲಿಂಗಸುಗೂರು ಹತ್ತಿರ ಜಲದುರ್ಗ, ಕೃಷ್ಣಾ ನಡುವಿನ ಕೋಟೆ. ದೂರ ಇದೆ, ನಸುಕಿನಲ್ಲಿ ಹೊರಡಿ. ನೀರಿಗೆ ಮಾತ್ರ ಕಾಲು ಹಾಕಬೇಡಿ, ಕೃಷ್ಣೆಯಲ್ಲಿ ಮೊಸಳೆ ಇವೆ. ಮಾರ್ಚ್‌ನಿಂದ ಮೇವರೆಗೆ ಬರಲೇಬೇಡಿ, ನಾವೇ ಮನೆ ಬಿಟ್ಟು ಹೊರಗೆ ಬರಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಈ ಶನಿವಾರ ಮಧ್ಯಾಹ್ನ ದರೋಜಿ ಅಂತ ಹೇಳಿಬಿಟ್ಟೆ, ಬೈನಾಕ್ಯುಲರ್ ಎರಡು ಇವೆಯಂತೆ. ಆ ಉಪಗ್ರಹದ ಸಾಧನ ಕೇಳಿದೆ, ಊರಲ್ಲೇ ಬಿಟ್ಟು ಬಂದಿದ್ದಾರೆ. ಗಂಗಾವತಿಯವರೇ, ಮೋರೇರ ಗುಡ್ಡಕ್ಕೆ ದಾರಿ ತೋರಿಸುವವರು ಸಿಗ್ತಾರಾ?

ಗಂಗಾವತಿಯಿಂದ:
ಹಿರೇಬೆಣಕಲ್ ಊರಲ್ಲೇ ಸಿಗ್ತಾರೆ. ಹಿಂದಿನ ದಿನವೇ ಹೋಗಿ ಹೇಳಿಬಿಡಿ, ಸುಗ್ಗಿ ಟೈಮಲ್ಲಿ ಎಲ್ಲರೂ ಹೊಲದಲ್ಲಿರುತ್ತಾರೆ.