ಘಾಟಿ ಇಳಿಯುವಾಗ ಸ್ಟೀರಿಂಗ್ ನಡುಗುತ್ತದೆ: ಬ್ರೇಕ್ ಪ್ಯಾಡ್, ಡಿಸ್ಕ್‌ಗಳನ್ನು ಮನೆಯಲ್ಲೇ ಬದಲಿಸಬಹುದೇ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ನನ್ನದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಹಳೆಯ ಸ್ವಿಫ್ಟ್. ತೀರ್ಥಹಳ್ಳಿಯಿಂದ ಉಡುಪಿಗೆ ಆಗುಂಬೆ ಮಾರ್ಗವಾಗಿ ಹೋಗಿಬರುವುದೇ ಅದರ ಮುಖ್ಯ ಕೆಲಸ. ಇತ್ತೀಚೆಗೆ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ನಡುಗುತ್ತದೆ, ಪೆಡಲ್ ಕೂಡ ಕಾಲಿನಡಿ ಮಿಡಿಯುತ್ತದೆ. ಊರೊಳಗೆ ನಿಧಾನವಾಗಿ ಓಡಿಸುವಾಗ ನಡುಕ ಗೊತ್ತಾಗುವುದಿಲ್ಲ. ಆದರೆ ಎಡಗಡೆಯ ಮುಂದಿನ ಚಕ್ರದಿಂದ ಕೀಚಲು ಶಬ್ದವೊಂದು ಬರತೊಡಗಿದೆ.

ಗ್ಯಾರೇಜೊಂದರಲ್ಲಿ ವಿಚಾರಿಸಿದಾಗ, ಚಕ್ರವನ್ನು ಬಿಚ್ಚಿಯೂ ನೋಡದೆ, ಡಿಸ್ಕ್ ಬೆಂಡಾಗಿದೆ, ಎರಡೂ ಕಡೆಯ ಡಿಸ್ಕ್, ಪ್ಯಾಡ್, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಲ್ಲವನ್ನೂ ಹೊಸದಾಗಿ ಹಾಕಬೇಕು ಎಂದರು. ಎಂಜಿನ್ ಆಯಿಲ್, ಪ್ಲಗ್, ಫಿಲ್ಟರ್ ಬದಲಿಸುವುದನ್ನು ನಾನೇ ಮಾಡಿಕೊಳ್ಳುತ್ತೇನೆ, ಬ್ರೇಕಿಗೆ ಮಾತ್ರ ಈವರೆಗೆ ಕೈ ಹಾಕಿಲ್ಲ. ಇಷ್ಟೆಲ್ಲ ಬದಲಿಸುವುದು ನಿಜವಾಗಿ ಅಗತ್ಯವೇ? ಅಗತ್ಯವಿದ್ದರೆ ಈ ಕೆಲಸ ಮನೆಯಂಗಳದಲ್ಲಿ ಆಗುವಂಥದ್ದೇ?

ಹುಬ್ಬಳ್ಳಿ ವರ್ಕ್‌ಶಾಪ್:

ನಮಸ್ಕಾರ ಸರ್. ಮೊದಲು ಅಳತೆ, ಆಮೇಲೆ ಖರೀದಿ. ಡಿಸ್ಕ್ ಬೆಂಡಾಗಿದೆ ಎನ್ನುವುದು ನಮ್ಮ ಕಸುಬಿನಲ್ಲಿ ಬಾಯಿಗೆ ಬಂದುಬಿಟ್ಟಿರುವ ಮಾತು. ಎರಕದ ಕಬ್ಬಿಣದ ಡಿಸ್ಕ್ ನಿಜವಾಗಿ ಬಾಗುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಆಗಿರುವುದೇನೆಂದರೆ, ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿ ಉಳಿದಿರುವುದಿಲ್ಲ. ಚಕ್ರವನ್ನು ಹೊರುವ ನಡುಭಾಗವಾದ ಹಬ್ಬಿನ ಮೇಲೆ ಡಿಸ್ಕ್ ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಚಕ್ರದ ಪ್ರತಿ ಸುತ್ತಿನಲ್ಲಿ ಅದೇ ಜಾಗ ಪ್ಯಾಡಿಗೆ ತಾಗಿ ಅಲ್ಲಿ ಸವೆತ ಹೆಚ್ಚುತ್ತದೆ. ಇಲ್ಲವೇ, ಘಾಟಿ ಇಳಿದು ಬಿಸಿಯಾದ ಬ್ರೇಕನ್ನು ಗಾಡಿ ನಿಂತ ಮೇಲೂ ಒತ್ತಿ ಹಿಡಿದರೆ ಪ್ಯಾಡಿನ ವಸ್ತು ಡಿಸ್ಕಿನ ಅದೊಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ. ದಪ್ಪ ಜಾಗ ಪ್ಯಾಡುಗಳ ನಡುವೆ ಬಂದಾಗಲೆಲ್ಲ ಕ್ಯಾಲಿಪರಿನಲ್ಲಿ ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ಸರಿಯುತ್ತದೆ, ಆ ತಳ್ಳು ಬ್ರೇಕ್ ಆಯಿಲಿನ ಮೂಲಕ ನಿಮ್ಮ ಕಾಲಿಗೆ ತಲುಪುತ್ತದೆ.

ಕೀಚಲು ಶಬ್ದ ಬೇರೆಯ ಸಂಗತಿ. ಅನೇಕ ಪ್ಯಾಡುಗಳಲ್ಲಿ ಒಂದು ತೆಳ್ಳನೆಯ ಉಕ್ಕಿನ ನಾಲಗೆ ಇರುತ್ತದೆ, ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ಹಾಗಾಗಿ ಪ್ಯಾಡ್ ಬದಲಾವಣೆ ಬಹುಮಟ್ಟಿಗೆ ಖಚಿತ. ಡಿಸ್ಕಿನ ವಿಚಾರ ಅಳೆದ ಮೇಲಷ್ಟೇ ತೀರ್ಮಾನವಾಗಬೇಕು. ಡಿಸ್ಕಿನ ಅಂಚಿನ ಮೇಲೋ ನಡುವಿನ ಟೊಪ್ಪಿಗೆಯಂಥ ಭಾಗದ ಮೇಲೋ ಇರಬೇಕಾದ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ, ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದರೆ ಅಂಕಿ ಕಾಣುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಳೆಯ ಡಿಸ್ಕಿನ ಹೊರ ಅಂಚಿನಲ್ಲಿ ಪ್ಯಾಡ್ ತಾಗದ ಏಣು ಎದ್ದಿರುತ್ತದೆ, ಸಾಮಾನ್ಯ ವರ್ನಿಯರ್ ಹಿಡಿದರೆ ಅದರ ದವಡೆ ಈ ಏಣಿನ ಮೇಲೆ ಕೂತು ಸವೆದ ಡಿಸ್ಕನ್ನೂ ದಪ್ಪವೆಂದು ತೋರಿಸಿಬಿಡುತ್ತದೆ. ಲೇತ್ ಕೆಲಸದವರಿಂದ ಮೈಕ್ರೋಮೀಟರ್ ತಂದು, ಪ್ಯಾಡ್ ಓಡಾಡುವ ಪಟ್ಟಿಯಲ್ಲಿ ಏಳೆಂಟು ಕಡೆ ಅಳೆಯಿರಿ.

ಗ್ಯಾರೇಜಿನವರು ಹೇಳಿದ ಕ್ಯಾಲಿಪರ್ ಬದಲಾವಣೆಗೆ ಅವಸರ ಬೇಡ. ಪಿಸ್ಟನ್ನಿನ ರಬ್ಬರ್ ಹರಿದಿಲ್ಲ, ಆಯಿಲ್ ಸೋರುತ್ತಿಲ್ಲ, ಪಿಸ್ಟನ್ ನಿಧಾನವಾಗಿ ಒತ್ತಿದರೆ ಒಳಹೋಗುತ್ತದೆ ಎಂದಾದರೆ ಕ್ಯಾಲಿಪರ್ ಸರಿಯಾಗಿಯೇ ಇದೆ. ಅದು ಜಾರುವ ಎರಡು ಸ್ಲೈಡ್ ಪಿನ್‌ಗಳನ್ನು ಮಾತ್ರ ತಪ್ಪದೆ ನೋಡಿ. ಮಳೆನಾಡಿನ ಗಾಡಿಗಳಲ್ಲಿ ನೀರು ಹೊಕ್ಕು ಪಿನ್ ಹಿಡಿದುಕೊಳ್ಳುವುದು ಸಾಮಾನ್ಯ, ಆಗ ಒಳಗಿನ ಪ್ಯಾಡ್ ಪೂರ್ತಿ ಸವೆದಿದ್ದರೂ ಹೊರಗಿನದು ಅರ್ಧ ಉಳಿದಿರುತ್ತದೆ. ಚಕ್ರದ ಕಿಂಡಿಯಿಂದ ಇಣುಕಿದವರಿಗೆ ಕಾಣುವುದು ಹೊರಗಿನ ಪ್ಯಾಡ್ ಮಾತ್ರ.

ಕಡಲತಡಿ:

ಮೇಲಿನ ಮಾತಿಗೆ ನನ್ನ ವಿರೋಧವಿಲ್ಲ. ಆದರೆ ಈ ಕೆಲಸ ಮನೆಯಲ್ಲಿ ಆಗುವುದೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಆಗುತ್ತದೆ, ಜಾಕ್ ಸ್ಟ್ಯಾಂಡ್ ಇದ್ದರೆ. ಗಾಡಿಯ ಜೊತೆ ಕೊಡುವ ಕತ್ತರಿ ಜಾಕ್ ಸ್ಟೆಪ್ನಿ ಬದಲಿಸಲಿಕ್ಕೆ ಮಾತ್ರ. ಅದೊಂದನ್ನೇ ನಂಬಿ ಬಿಗಿಯಾದ ಬೋಲ್ಟನ್ನು ಎಳೆದಾಡಿದರೆ ಗಾಡಿ ಜಾರಿ ಕೈಮೇಲೆ ಬೀಳಬಹುದು. ಗಟ್ಟಿಯಾದ, ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು, ಸಗಣಿ ಸಾರಿಸಿದ ಅಂಗಳವೂ ಜಂಬಿಟ್ಟಿಗೆ ಹಾಸಿದ ಅಂಗಳವೂ ಸಾಲದು. ಹ್ಯಾಂಡ್ ಬ್ರೇಕ್ ಎಳೆದು, ಹಿಂಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಚಕ್ರದ ನಟ್ಟುಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡ್ ಕೊಡಿ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ತಳ್ಳಿಡಿ.

ಕ್ಯಾಲಿಪರನ್ನು ಬಿಚ್ಚಿದ ಮೇಲೆ ಅದನ್ನು ಬ್ರೇಕ್ ಹೋಸಿನಿಂದ ಜೋತುಬಿಡಬಾರದು, ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಎಬಿಎಸ್ ಇದ್ದರೆ ಅದರ ಸೆನ್ಸರ್ ತಂತಿಯೂ ಅಲ್ಲೇ ಹಾದುಹೋಗಿರುತ್ತದೆ, ಗಮನವಿರಲಿ. ಪಿಸ್ಟನ್ನಿನ ಮೇಲೆ ಹಳೆಯ ಪ್ಯಾಡನ್ನಿಟ್ಟು ಸಿ ಕ್ಲಾಂಪಿನಿಂದ ನಿಧಾನವಾಗಿ ಒಳಕ್ಕೆ ಒತ್ತುವಾಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ತುಂಬಿ ಚೆಲ್ಲಿದರೆ ಬಣ್ಣವನ್ನು ತಿಂದುಹಾಕುತ್ತದೆ, ಕೂಡಲೇ ನೀರು ಹಾಕಿ ತೊಳೆಯಬೇಕು. ಸ್ಲೈಡ್ ಪಿನ್ನಿಗೆ ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಅಲ್ಲಿನ ರಬ್ಬರನ್ನು ಉಬ್ಬಿಸಿ ಪಿನ್ನನ್ನು ಇನ್ನಷ್ಟು ಬಿಗಿಮಾಡುತ್ತದೆ. ಪ್ಯಾಡಿನ ಧೂಳನ್ನು ಊದಲೂಬೇಡಿ, ಏರ್ ಹೊಡೆಯಲೂಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಘಾಟಿಯವರಾದ್ದರಿಂದ ಇನ್ನೊಂದು ಮಾತು. ಆಯಿಲ್ ಬದಲಿಸಿ ಎಷ್ಟು ಕಾಲವಾಗಿದೆ ಎಂಬುದನ್ನೂ ನೋಡಿಕೊಳ್ಳಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಸೇರಿದ ಆಯಿಲಿಗೆ ಆ ದರ್ಜೆಯ ಮಿತಿ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಆಯಿಲ್ ಕುದ್ದು ಆವಿಯಾದರೆ ಪೆಡಲ್ ಟೊಳ್ಳಾಗಿ ನೆಲಕ್ಕೆ ಹೋಗುತ್ತದೆ, ಹೊಸ ಪ್ಯಾಡಿದ್ದರೂ ಪ್ರಯೋಜನವಿಲ್ಲ. ಎರಡನೇ ಗೇರಿನಲ್ಲಿ ಇಳಿಯುವ ಅಭ್ಯಾಸವಿದ್ದವರ ಡಿಸ್ಕ್ ಈ ಪರಿ ಕಾಯುವುದೂ ಇಲ್ಲ.

ಮಿಶಿಗನ್ ಕನ್ನಡತಿ:

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ಡಿಸ್ಕ್ ಹಬ್ಬಿಗೆ ತುಕ್ಕಿನಿಂದ ಬೆಸೆದುಕೊಂಡುಬಿಡುತ್ತದೆ. ಉಡುಪಿಯ ಕಡಲಗಾಳಿಯೂ ಕಡಿಮೆಯದಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅನೇಕ ಡಿಸ್ಕುಗಳಲ್ಲಿ ಬೋಲ್ಟ್ ತಿರುಗಿಸಲು ಥ್ರೆಡ್ ಇರುವ ಎರಡು ಸಣ್ಣ ರಂಧ್ರಗಳಿರುತ್ತವೆ. ಸರಿಯಾದ ಅಳತೆಯ ಬೋಲ್ಟುಗಳನ್ನು ಅವುಗಳಲ್ಲಿ ಸರದಿಯಂತೆ ಸ್ವಲ್ಪ ಸ್ವಲ್ಪವೇ ತಿರುಗಿಸಿದರೆ ಡಿಸ್ಕ್ ತಾನಾಗಿ ಹೊರಬರುತ್ತದೆ, ಸುತ್ತಿಗೆಯಿಂದ ಬಡಿದು ಬೇರಿಂಗ್ ಕೆಡಿಸಿಕೊಳ್ಳಬೇಕಾಗಿಲ್ಲ. ಹೊಸ ಡಿಸ್ಕ್ ಕೂರಿಸುವ ಮೊದಲು ಹಬ್ಬಿನ ಮುಖವನ್ನು ಲೋಹ ಹೊಳೆಯುವವರೆಗೆ ಉಜ್ಜಬೇಕು. ಅಲ್ಲಿ ತುಕ್ಕಿನ ಒಂದು ಹಕ್ಕಳೆ ಉಳಿದರೂ ಡಿಸ್ಕ್ ಓರೆಯಾಗಿ ಕೂತು, ಕೆಲವು ಸಾವಿರ ಕಿಲೋಮೀಟರುಗಳ ನಂತರ ಇದೇ ನಡುಕ ಮರಳಿ ಬರುತ್ತದೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ, ಅದನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆಯಿರಿ. ಸೀಮೆಎಣ್ಣೆ, ಡೀಸೆಲ್ ಬೇಡವೇ ಬೇಡ.

ಇದನ್ನು ಓದುತ್ತಿರುವ ಬೇರೆ ಗಾಡಿಯವರಿಗೆ ಒಂದು ಎಚ್ಚರಿಕೆ: ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್ ಬ್ರೇಕ್ ಕ್ಯಾಲಿಪರಿನಲ್ಲೇ ಇದ್ದರೆ ಪಿಸ್ಟನ್ನನ್ನು ಸಾಮಾನ್ಯವಾಗಿ ತಿರುಗಿಸುತ್ತ ಒತ್ತಬೇಕಾಗುತ್ತದೆ. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಅದನ್ನು ಸರ್ವಿಸ್ ಮೋಡಿಗೆ ಹಾಕದೆ ಮುಟ್ಟಬಾರದು.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಎರಡು ಜಾಕ್ ಸ್ಟ್ಯಾಂಡ್ ತರಿಸಿ ಎಡಗಡೆಯನ್ನು ಬಿಚ್ಚಿದೆ. ಹುಬ್ಬಳ್ಳಿಯವರು ಹೇಳಿದಂತೆಯೇ ಇತ್ತು: ಹೊರಗಿನ ಪ್ಯಾಡ್ ಅರ್ಧದಷ್ಟು ಉಳಿದಿತ್ತು, ಒಳಗಿನದು ತಗಡಿಗೆ ಬಂದಿತ್ತು. ಕೆಳಗಿನ ಪಿನ್ ಕಂದು ತುಕ್ಕಿನಲ್ಲಿ ಕಚ್ಚಿಕೊಂಡಿದ್ದರಿಂದ ಸ್ಪ್ಯಾನರ್ ಹಾಕಿ ತಿರುಗಿಸುತ್ತ ಎಳೆಯಬೇಕಾಯಿತು. ಮೈಕ್ರೋಮೀಟರಿನಲ್ಲಿ ಎಡ ಡಿಸ್ಕ್ ಅಚ್ಚಿನ ಅಂಕಿಗಿಂತ ಕೆಳಗಿದೆ, ಬಲದ್ದು ಕಾಲು ಮಿಲಿಮೀಟರಿನಷ್ಟು ಮೇಲಿದೆ. ಪಿಸ್ಟನ್‌ಗಳು ಎರಡೂ ಕಡೆ ಸಲೀಸಾಗಿ ಒಳಹೋಗುತ್ತವೆ. ಬಲದ ಡಿಸ್ಕನ್ನು ಉಳಿಸಿಕೊಳ್ಳಬಹುದೇ? ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವ ಯೋಚನೆಯಿದೆ.

ಹುಬ್ಬಳ್ಳಿ ವರ್ಕ್‌ಶಾಪ್:

ಬೇಡ ಸರ್. ಡಿಸ್ಕ್, ಪ್ಯಾಡ್ ಎರಡನ್ನೂ ಯಾವಾಗಲೂ ಜೋಡಿಯಾಗಿ ಬದಲಿಸಬೇಕು, ಇಲ್ಲದಿದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯಬಹುದು. ಕಾಲು ಮಿಲಿಮೀಟರ್ ಉಳಿದಿರುವ ಡಿಸ್ಕನ್ನು ಲೇತಿಗೆ ಕೊಡಲೂ ಆಗದು, ಸಮಮಾಡುವಷ್ಟರಲ್ಲಿ ಅದೂ ಮಿತಿಗಿಂತ ಕೆಳಗಿಳಿಯುತ್ತದೆ. ಕ್ಯಾಲಿಪರಿನ ಹಣ ಉಳಿಯಿತು. ಅದರಲ್ಲಿ ಪಿನ್, ಅದರ ರಬ್ಬರ್, ಪ್ಯಾಡ್ ಕೂರುವ ತಗಡಿನ ಕ್ಲಿಪ್ಪುಗಳನ್ನು ಹೊಸದಾಗಿ ಹಾಕಿ. ಎರಡು ಪಿನ್‌ಗಳಲ್ಲಿ ಒಂದಕ್ಕೆ ರಬ್ಬರ್ ತೋಳು ಇದ್ದರೆ ಅದು ಮೇಲಿನದೋ ಕೆಳಗಿನದೋ ಎಂದು ನೋಡಿಕೊಂಡು ಅಲ್ಲಿಗೇ ಹಾಕಬೇಕು. ಒಂದು ಪಕ್ಕದ ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬೇಡಿ, ಜೋಡಿಸುವಾಗ ಸಂಶಯ ಬಂದರೆ ಅದನ್ನು ನೋಡಿಕೊಳ್ಳಬಹುದು. ಜೆ.ಸಿ. ರಸ್ತೆಯಲ್ಲಿ ತೆಗೆದುಕೊಳ್ಳುವಾಗ ಬಿಲ್ಲು ಕೇಳಿ, ಗಾಡಿಯ ಮಾದರಿ, ವರ್ಷ ಹೇಳಿ ಪಾರ್ಟ್ ನಂಬರ್ ಹೊಂದಿಸಿಕೊಳ್ಳಿ. ಬೋಲ್ಟುಗಳನ್ನು ಎಷ್ಟು ಬಲದಲ್ಲಿ ಬಿಗಿಯಬೇಕು ಎಂಬ ಟಾರ್ಕ್ ಅಂಕಿಯನ್ನು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ. ಪಿನ್ ಬೋಲ್ಟಿಗೂ ಕ್ಯಾಲಿಪರನ್ನು ಹಿಡಿದಿಡುವ ಬ್ರ್ಯಾಕೆಟ್ಟಿನ ದೊಡ್ಡ ಬೋಲ್ಟಿಗೂ ಬಹಳ ವ್ಯತ್ಯಾಸವಿರುತ್ತದೆ.

ಜೋಡಣೆ ಮುಗಿದೊಡನೆ ಗಾಡಿಯನ್ನು ಅಲುಗಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಬೇಕು, ಏಕೆಂದರೆ ಒಳತಳ್ಳಿದ ಪಿಸ್ಟನ್ ಪ್ಯಾಡಿಗೆ ತಾಗುವ ತನಕ ಗಾಡಿಗೆ ಬ್ರೇಕೇ ಇರುವುದಿಲ್ಲ. ಆಮೇಲೆ ಡಬ್ಬಿಯ ಆಯಿಲ್ ಮಟ್ಟ ನೋಡಿ. ಎಷ್ಟು ಒತ್ತಿದರೂ ಪೆಡಲ್ ಮೆತ್ತಗೇ ಉಳಿದರೆ ಆಯಿಲಿನಲ್ಲಿ ಗಾಳಿ ಸೇರಿದೆ ಎಂದು ತಿಳಿದು, ಬ್ಲೀಡ್ ಮಾಡಿಸದೆ, ಅಂದರೆ ಆ ಗಾಳಿಯನ್ನು ಹೊರಗೆ ತೆಗೆಸದೆ, ರಸ್ತೆಗೆ ಇಳಿಯಬೇಡಿ. ಮುಂದೆ, ಹೊಸ ಪ್ಯಾಡ್, ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು, ಖಾಲಿ ರಸ್ತೆಯಲ್ಲಿ ಅರವತ್ತರ ವೇಗದಿಂದ ಇಪ್ಪತ್ತಕ್ಕೆ, ಹದವಾದ ಒತ್ತಡದಲ್ಲಿ, ನಡುನಡುವೆ ತಣಿಯಲು ಬಿಟ್ಟು, ಎಂಟು ಹತ್ತು ಸಲ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ವಾಸನೆ ಬರುವುದು ಸಹಜ. ಬ್ರೇಕ್ ಹೆಚ್ಚು ಬಳಸದೆ ಓಡಿಸಿದ ಮೇಲೂ ಒಂದೇ ಚಕ್ರ ವಿಪರೀತ ಬಿಸಿಯಾಗಿದ್ದರೆ ಅದು ಸಹಜವಲ್ಲ, ಆ ಕಡೆಯ ಪಿನ್ನನ್ನು ಮತ್ತೆ ಬಿಚ್ಚಿ ನೋಡಬೇಕು. ಚಕ್ರದ ನಟ್ಟುಗಳ ಬಿಗಿಯನ್ನು ಮೊದಲ ದಿನದ ಓಡಾಟದ ಬಳಿಕ ಇನ್ನೊಮ್ಮೆ ಪರೀಕ್ಷಿಸಿ, ಅದಾದ ಮೇಲೆ ಘಾಟಿಗೆ ಹೋಗಿ.