ಕ್ಯೂಜಿಐಎಸ್ (ನಕ್ಷೆ ಮಾಡುವ ತಂತ್ರಾಂಶ): ಅಂಟಾರ್ಕ್ಟಿಕಾದ ಮಂಜಿನಡಿಯ ಕೆರೆಗಳು ನಕ್ಷೆಯಲ್ಲಿ ಬರ್ತಾ ಇಲ್ಲ, ಎಲ್ಲಿ ತಪ್ಪಾಗಿದೆ?

ಪ್ರಶ್ನೆ
ನಮಸ್ಕಾರ. ಬೆಡ್‌ಮಷಿನ್ ಡೇಟಾ (ಮಂಜುಗಡ್ಡೆಯ ಮೇಲ್ಮೈ ಮತ್ತು ಅದರಡಿಯ ನೆಲದ ಎತ್ತರಗಳು) ಇಳಿಸಿಕೊಂಡು ಪಶ್ಚಿಮ ಅಂಟಾರ್ಕ್ಟಿಕಾದ ವಿಲ್ಲನ್ಸ್ ಭಾಗದಲ್ಲಿ ಮಂಜುಗಡ್ಡೆಯ ಅಡಿ ನೀರು ಎಲ್ಲಿ ನಿಲ್ಲುತ್ತದೆ ಅಂತ ನಕ್ಷೆ ಮಾಡುತ್ತಿದ್ದೇನೆ. ಹಿಂದೆ ನಮ್ಮೂರ ಕೆರೆಗಳಿಗೆ ಮಾಡಿದ ಕ್ರಮವೇ: ನೆಲದ ಎತ್ತರ ತಗೊಂಡೆ, ಫಿಲ್ ಸಿಂಕ್ಸ್ (ತಗ್ಗು ತುಂಬಿಸುವ ಉಪಕರಣ) ಓಡಿಸಿದೆ, ಆಮೇಲೆ ಹರಿವಿನ ದಿಕ್ಕು. ಗೊತ್ತಿರುವ ಒಂದು ಕೆರೆಯೂ ಕಾಣಲಿಲ್ಲ. ಎರಡು ವಾರದಿಂದ ಒದ್ದಾಡುತ್ತಿದ್ದೇನೆ.

ಉತ್ತರ
ಆ ಕ್ರಮ ಬಯಲಿನ ಕೆರೆಗೆ ಸರಿ. ಇಲ್ಲಿ ನೀರಿನ ಮೇಲೆ ನೂರಾರು ಮೀಟರ್ ಮಂಜುಗಡ್ಡೆ ಕೂತಿದೆ. ಅದರ ಭಾರ ಕಡಿಮೆ ಇರುವ ಕಡೆಗೆ ನೀರು ಜಾರುತ್ತದೆ, ಎದುರಿಗೆ ಏರು ಇದ್ದರೂ ಹತ್ತುತ್ತದೆ. ನೀರು ಯಾವ ಕಡೆ ಹೋಗುತ್ತದೆ ಅಂತ ತಿಳಿಯಲು, ನೆಲದ ಎತ್ತರದ ಬದಲು ಈ ಲೆಕ್ಕ ಬೇಕು. ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ (ನಕ್ಷೆಯ ಪ್ರತಿ ಚೌಕಕ್ಕೂ ಲೆಕ್ಕ ಹಾಕುವ ಉಪಕರಣ) ಹೀಗೆ ಹಾಕಿ, ಉತ್ತರ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನೀರು ಹರಿಯುತ್ತದೆ:

0.917 × ಮೇಲ್ಮೈ ಎತ್ತರ + 0.083 × ನೆಲದ ಎತ್ತರ

ಒಂದು ಜಾಗದಲ್ಲಿ ನೆಲ −600 ಮೀ, ಮೇಲ್ಮೈ 120 ಅಂದುಕೊಳ್ಳಿ. ಉತ್ತರ ಸುಮಾರು 60. ಪಕ್ಕದಲ್ಲಿ ನೆಲ −500, ಮೇಲ್ಮೈ 100, ಉತ್ತರ 50. ನೀರು 60ರಿಂದ 50ಕ್ಕೆ ಹೋಗುತ್ತದೆ, ಅಂದರೆ ನೂರು ಮೀಟರ್ ಏರು ಹತ್ತಿಕೊಂಡು! ಮೇಲ್ಮೈ ಇಳಿಜಾರಿನ ಬಲ ನೆಲದ ಇಳಿಜಾರಿಗಿಂತ ಸುಮಾರು 11 ಪಟ್ಟು ಜಾಸ್ತಿ.

ಇನ್ನೊಂದು, ಫಿಲ್ ಸಿಂಕ್ಸ್ ತಗ್ಗುಗಳನ್ನು ಮುಚ್ಚಿಬಿಡುತ್ತದೆ. ನೀವು ಹುಡುಕುತ್ತಿರುವುದೇ ಆ ತಗ್ಗುಗಳನ್ನು, ಅಲ್ವಾ? ಮೇಲಿನ ಲೆಕ್ಕದಿಂದ ಬಂದ ಪದರದ ಮೇಲೆ ಫಿಲ್ ಸಿಂಕ್ಸ್ ಓಡಿಸಿ, ತುಂಬಿದ ಪದರದಿಂದ ಆ ಮೂಲ ಪದರ ಕಳೆಯಿರಿ, ಉಳಿದದ್ದೇ ಕೆರೆ ನಿಲ್ಲಬಹುದಾದ ಜಾಗ. ನೆಲ, ಮೇಲ್ಮೈ ಎರಡನ್ನೂ ಬೆಡ್‌ಮಷಿನ್‌ನಿಂದಲೇ ತಗೊಳ್ಳಿ. ಬೇರೆ ಬೇರೆ ಕಡೆಯಿಂದ ತಂದರೆ ಸಮುದ್ರಮಟ್ಟದ ಲೆಕ್ಕ ಹೊಂದದೇ ಇರಬಹುದು.

ಪ್ರಶ್ನೆ
ಸರ್, ತಗ್ಗುಗಳು ಮೂಡಿದವು, ತುಂಬಾ ಖುಷಿಯಾಯಿತು! ಆದರೆ ಅಲ್ಲಿನ ಮಂಜಿನಡಿಯ ಎಂಗಲ್‌ಹಾರ್ಟ್ ಕೆರೆ ಬರಿದಾಯಿತು ಅಂತ ಓದಿದ್ದೆ. ನನ್ನ ನಕ್ಷೆಯಲ್ಲಿ ಅದು ಯಾವಾಗಲೂ ತುಂಬಿಯೇ ಇದೆ.

ಉತ್ತರ
ನಮ್ಮ ಕೆರೆಗೆ ಕಲ್ಲಿನ ಕೋಡಿ ಇರುತ್ತದೆ. ಕೋಡಿ ಬಿದ್ದರೂ ಕೆರೆ ತುಂಬಿಯೇ ಇರುತ್ತದೆ. ಅಲ್ಲಿ ಹಾಗಲ್ಲ. ಭೂಮಿಯ ಒಳಶಾಖ ಮತ್ತು ಮಂಜುಗಡ್ಡೆ ಜಾರುವಾಗಿನ ಉಜ್ಜಾಟದಿಂದ ಅಡಿ ಕರಗಿ, ಆ ನೀರು ಬಂದು ಸೇರುತ್ತಲೇ ಇರುತ್ತದೆ. ಕೆರೆಯ ಮೇಲಿನ ಮಂಜುಗಡ್ಡೆ ನಿಧಾನಕ್ಕೆ ಮೇಲೇಳುತ್ತದೆ. ಅಂಚನ್ನು ಅದುಮಿ ಹಿಡಿದ ಭಾರವನ್ನು ನೀರಿನ ಒತ್ತಡ ಮೀರಿದಾಗ ಅಲ್ಲಿ ಸಂದು ತೆರೆದುಕೊಳ್ಳುತ್ತದೆ. ಹರಿವು ಆ ದಾರಿಯನ್ನೇ ಅಗಲ ಮಾಡಿಕೊಳ್ಳುತ್ತದೆ, ಕೆರೆ ಇಳಿಯುತ್ತದೆ. ಒತ್ತಡ ತಗ್ಗಿದ ಮೇಲೆ ಮಂಜುಗಡ್ಡೆ ಕುಸಿದು ದಾರಿ ಮುಚ್ಚುತ್ತದೆ. ಮತ್ತೆ ತುಂಬಲು ಶುರು. 2003ರಿಂದ 2006ರ ನಡುವೆ ಎಂಗಲ್‌ಹಾರ್ಟ್ ಮೇಲಿನ ಮಂಜುಗಡ್ಡೆ 9 ಮೀಟರ್‌ವರೆಗೆ ಕುಸಿದದ್ದನ್ನು ಐಸ್‌ಸ್ಯಾಟ್ ಉಪಗ್ರಹದ ಲೇಸರ್ ಅಳೆಯಿತು. ಹೊರಟುಹೋದ ನೀರು ಸುಮಾರು 2 ಘನ ಕಿಲೋಮೀಟರ್.

ನಿಮ್ಮ ನಕ್ಷೆ ಒಂದೇ ಹೊತ್ತಿನ ಚಿತ್ರ, ಅದಕ್ಕೇ ಇದು ಕಾಣುವುದಿಲ್ಲ. ಆಮೇಲೆ ಬಂದ ಐಸ್‌ಸ್ಯಾಟ್-2 ಉಪಗ್ರಹ ಅದೇ ಹಾದಿಗೆ 91 ದಿನಕ್ಕೊಮ್ಮೆ ಬರುತ್ತದೆ. ಒಂದು ಹಾದಿ ಆರಿಸಿ, ಪ್ರತಿ ಸಲದ ಎತ್ತರವನ್ನು ಒಂದೇ ಗ್ರಾಫಿನಲ್ಲಿ ಹಾಕಿ, ಇಲ್ಲಿ ತೋರಿಸಿ.